ಉಗ್ರಾಣದ ಉಸ್ತುವಾರಿ

ಮದುವೆ ಮನೆಯೆಂದ ಮೇಲೆ ಅಲ್ಲೊಬ್ಬ ಮನುಷ್ಯ ಇದ್ದೇ ಇರುತ್ತಾನೆ. ಪಂಚೆ ಮೇಲೆತ್ತಿ ಕಟ್ಟಿ, ಹೆಗಲಿಗೊಂದು ಟವೆಲ್ ಎಸೆದುಕೊಂಡು, ಬೆಳಗಿನ ಐದು ಗಂಟೆಯಿಂದಲೇ ಓಡುತ್ತಿರುತ್ತಾನೆ. ಧಾರೆ ಮಂಟಪದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹೆಬ್ಬಾಗಿಲಿಗೆ, ಹೆಬ್ಬಾಗಿಲಿನಿಂದ ಬೀಗರ ಕೋಣೆಗೆ. ಬೆವರು ಒರೆಸಿಕೊಳ್ಳಲೂ ಪುರುಸೊತ್ತಿಲ್ಲ. ನೋಡಿದವರೆಲ್ಲ ‘ಪಾಪ, ಎಲ್ಲಾ ಅವನೊಬ್ಬನ ತಲೆ ಮೇಲೆ ಬಿದ್ದಿದೆ’ ಎಂದು ಮರುಗುತ್ತಾರೆ. ತಡೆದು ನಿಲ್ಲಿಸಿ, ‘ಈಗ ಎಲ್ಲಿಗೆ ಹೊರಟೆಯಪ್ಪ, ಯಾತಕ್ಕೆ?’ ಎಂದು ಕೇಳುವವರು ಮಾತ್ರ ಸಿಗುವುದಿಲ್ಲ.

ಬಸವನಗುಡಿಯ ಒಂದು ಮನೆಯಲ್ಲಿ ಆ ಪಾತ್ರ ಚಿಕ್ಕಪ್ಪನದು. ಮನೆಯ ಹಿರಿಮಗಳ ಮದುವೆಯಲ್ಲಿ ಉಗ್ರಾಣದ ಉಸ್ತುವಾರಿಯನ್ನು ಅವರಿಗೆ ಒಪ್ಪಿಸಿದ್ದರು. ಅಂದು ಅವರು ಕೂತದ್ದನ್ನು ಕಂಡವರಿಲ್ಲ. ಆದರೂ ಹನ್ನೆರಡೂವರೆಗೆ ಕೂರಬೇಕಿದ್ದ ಮೊದಲ ಪಂಕ್ತಿ ಕೂತದ್ದು ಎರಡು ಗಂಟೆಗೆ. ಅಷ್ಟೊಂದು ದುಡಿದ ಮನುಷ್ಯನನ್ನು ದೂರುವುದಾದರೂ ಹೇಗೆ? ಯಾರೂ ದೂರಲಿಲ್ಲ.

ಆ ಮನೆಯ ಮಗ ಈಗ ಸಾಫ್ಟ್‌ವೇರ್ ಎಂಜಿನಿಯರ್. ಕನ್ನಡ ಪುಸ್ತಕಗಳನ್ನು ಅಂಚೆಯಲ್ಲಿ ಕಳಿಸುವ ಒಂದು ಸಣ್ಣ ಜಾಲತಾಣದ ಸರ್ವರ್‌ಗಳು ಅವನ ಸುಪರ್ದಿನಲ್ಲಿವೆ. ಒಂದು ರಾತ್ರಿ 1 ಗಂಟೆ 40 ನಿಮಿಷಕ್ಕೆ ಅವನ ಮೊಬೈಲ್ ಕಿರುಚಿತು. ಕರೆದದ್ದು ಮನುಷ್ಯರಲ್ಲ, ಯಂತ್ರ. ಪ್ರೊಸೆಸರ್ ಬಳಕೆ ಶೇ 98 ಮುಟ್ಟಿದೆ, ಹತ್ತು ನಿಮಿಷದಿಂದ ಇಳಿದಿಲ್ಲ ಎಂಬುದು ಅದರ ದೂರು. ಸರಿರಾತ್ರಿಯಲ್ಲಿ ಪುಸ್ತಕ ಕೊಳ್ಳುವಷ್ಟು ಓದುಗರು ಕನ್ನಡಕ್ಕೆ ಬಂದುಬಿಟ್ಟರೇ ಎಂದು ನಿದ್ದೆಗಣ್ಣಿನಲ್ಲಿ ಅವನಿಗೆ ಅರೆಕ್ಷಣ ಸಂತೋಷವೇ ಆಯಿತು. ಆರ್ಡರ್ ಪಟ್ಟಿ ತೆರೆದು ನೋಡಿದ. ಮಧ್ಯರಾತ್ರಿಯ ನಂತರ ಬಂದಿದ್ದ ಆರ್ಡರ್ ಒಂದೇ ಒಂದು.

ಇಂಥ ಹೊತ್ತಿನಲ್ಲಿ ಕೈ ತಾನಾಗಿ ಹೋಗುವುದು ರೀಸ್ಟಾರ್ಟ್ ಕಡೆಗೆ. ಟಿವಿ ಕೆಟ್ಟರೆ ತಲೆಗೊಂದು ತಟ್ಟುತ್ತಿದ್ದ ಕಾಲದಿಂದ ಬಂದ ವೈದ್ಯ ಇದು. ಇದನ್ನು ನಗೆಗೀಡು ಮಾಡುವಂತಿಲ್ಲ. ಜಗತ್ತಿನ ಅದೆಷ್ಟೋ ಸರ್ವರ್‌ಗಳು ಒಂದೇ ಮುಂಜಾವದಲ್ಲಿ ಜ್ವರ ಬಂದವರಂತೆ ಕುದಿಯತೊಡಗಿದಾಗ ಈ ವೈದ್ಯವೇ ಫಲಿಸಿದ್ದೂ ಉಂಟು. 2012ರ ಜುಲೈ 1, ಭಾನುವಾರ, ಭಾರತದಲ್ಲಿ ಬೆಳಗಿನ ಐದೂವರೆ. ಭೂಮಿಯ ತಿರುಗಾಟಕ್ಕೂ ಪರಮಾಣು ಗಡಿಯಾರಗಳಿಗೂ ತಾಳ ಹೊಂದಿಸಲು ಆ ಗಳಿಗೆಯಲ್ಲಿ ಲೋಕದ ಸಮಯಕ್ಕೆ ಒಂದು ಸೆಕೆಂಡನ್ನು ಹೆಚ್ಚುವರಿಯಾಗಿ ಸೇರಿಸಿದರು. ಅಧಿಕ ಮಾಸ ಗೊತ್ತಿದ್ದವರಿಗೆ ಅಧಿಕ ಸೆಕೆಂಡು ದೊಡ್ಡ ಮಾತಲ್ಲ. ಆ ಸರ್ವರ್‌ಗಳನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶಕ್ಕೆ ಮಾತ್ರ ಅದು ಜೀರ್ಣವಾಗಲಿಲ್ಲ. ಅದರೊಳಗಿನ ಎರಡು ಗಡಿಯಾರಗಳ ನಡುವೆ ಒಂದು ಸೆಕೆಂಡಿನ ಅಂತರ ಬಿದ್ದುಬಿಟ್ಟಿತು. ಅರ್ಧ ಸೆಕೆಂಡು ಮಲಗಿ ಏಳು ಎಂದು ಹೇಳಿಸಿಕೊಂಡ ಪ್ರೋಗ್ರಾಮು ಮಲಗಿದ ಕ್ಷಣವೇ ‘ಹೊತ್ತಾಯಿತು’ ಎಂದು ಎದ್ದು ಕೂತಿತು. ಕೆಲಸವೇನೂ ಇಲ್ಲದ್ದರಿಂದ ಮತ್ತೆ ಮಲಗಿತು, ಮತ್ತೆ ಎದ್ದಿತು. ಜಾವಾದಲ್ಲಿ ಬರೆದ ತಂತ್ರಾಂಶಗಳು, ಮೈಎಸ್‌ಕ್ಯೂಎಲ್ ಡೇಟಾಬೇಸ್‌ಗಳು ಹೀಗೆ ಮಲಗಿ ಎದ್ದು ಮಲಗಿ ಎದ್ದು ಪ್ರೊಸೆಸರನ್ನು ಪೂರ್ತಿ ಸುಸ್ತು ಮಾಡಿದವು. ರೆಡ್ಡಿಟ್, ಮೊಜಿಲ್ಲಾದಂಥ ತಾಣಗಳು ತತ್ತರಿಸಿದವು. ಜರ್ಮನಿಯ ಹೆಟ್ಸ್‌ನರ್ ಎಂಬ ಸರ್ವರ್ ಬಾಡಿಗೆ ಸಂಸ್ಥೆ, ಆ ರಾತ್ರಿ ತನ್ನ ಕೇಂದ್ರಗಳ ವಿದ್ಯುತ್ ಬಳಕೆ ಸುಮಾರು ಒಂದು ಮೆಗಾವಾಟ್ ಏರಿತೆಂದು ಗ್ರಾಹಕರಿಗೆ ತಿಳಿಸಿತು. ಒಂದು ಮೆಗಾವಾಟ್ ಕರೆಂಟು, ಮಲಗಿ ಏಳುವುದಕ್ಕೆ!

ಮದ್ದು ಇನ್ನೂ ವಿಚಿತ್ರವಾಗಿತ್ತು. ರೀಸ್ಟಾರ್ಟ್ ಮಾಡಿದರೆ ವಾಸಿಯಾಗುತ್ತಿತ್ತು. ಅದೂ ಬೇಡವೆಂದರೆ ಗಡಿಯಾರಕ್ಕೆ ಆಗ ಎಷ್ಟು ಗಂಟೆಯಾಗಿತ್ತೋ ಅದನ್ನೇ ಮತ್ತೊಮ್ಮೆ ಹೇಳಿದರೆ ಸಾಕು, ಜ್ವರ ಇಳಿಯುತ್ತಿತ್ತು. ಈ ಅಧಿಕ ಸೆಕೆಂಡಿನ ಪದ್ಧತಿಯನ್ನು 2035ರೊಳಗೆ ಕೈಬಿಡಬೇಕೆಂದು ಅಳತೆ-ತೂಕಗಳ ಅಂತರರಾಷ್ಟ್ರೀಯ ಸಮ್ಮೇಳನ 2022ರ ನವೆಂಬರಿನಲ್ಲಿ ತೀರ್ಮಾನಿಸಿದೆ.

ಬಸವನಗುಡಿಯ ಎಂಜಿನಿಯರ್ ರೀಸ್ಟಾರ್ಟ್ ಮಾಡಲಿಲ್ಲ. ಹಿಂದೊಮ್ಮೆ ಮಾಡಿ ಕೈ ಸುಟ್ಟುಕೊಂಡಿದ್ದ. ರೀಸ್ಟಾರ್ಟ್ ಆದೊಡನೆ ರೋಗವೂ ಮಾಯ, ರೋಗದ ಸುಳಿವೂ ಮಾಯ. ಮೂರು ದಿನ ಬಿಟ್ಟು ಅದೇ ಹೊತ್ತಿಗೆ ಅದೇ ಜ್ವರ.

ಅವನು ಮೊದಲು ತೆರೆದದ್ದು ಟಾಪ್ ಎಂಬ ಪುಟ್ಟ ಉಪಕರಣವನ್ನು. ವಿಲಿಯಂ ಲಫೀವರ್ 1984ರಲ್ಲಿ ಬರೆದ ಈ ಪ್ರೋಗ್ರಾಮು ಇಂದಿಗೂ ಯುನಿಕ್ಸ್ ಮನೆತನದ ಯಂತ್ರಗಳ ನಾಡಿ ಹಿಡಿಯುತ್ತಿದೆ. ಯಾವ ಪ್ರೋಗ್ರಾಮು ಎಷ್ಟು ಪ್ರೊಸೆಸರ್ ತಿನ್ನುತ್ತಿದೆ ಎಂಬುದನ್ನು ದೊಡ್ಡ ಹೊಟ್ಟೆಯವರಿಂದ ಶುರುಮಾಡಿ ಸಾಲಾಗಿ ತೋರಿಸುತ್ತದೆ. ಹೊಸಬರು ಇದನ್ನು ಕಂಡು ಬೆಚ್ಚುವುದೊಂದಿದೆ: ಒಂದು ಪ್ರೋಗ್ರಾಮಿನ ಎದುರು ಶೇ 390 ಎಂದು ಬರೆದಿರುತ್ತದೆ. ನೂರಕ್ಕೆ ಮುನ್ನೂರ ತೊಂಬತ್ತು ಅಂಕ ಯಾವ ಮೇಷ್ಟರೂ ಕೊಟ್ಟದ್ದಿಲ್ಲ. ಆದರೆ ಇಲ್ಲಿ ನೂರೆಂದರೆ ಒಂದು ಕೋರ್, ಅಂದರೆ ಪ್ರೊಸೆಸರಿನೊಳಗಿನ ಒಬ್ಬ ಆಳು, ಪೂರ್ತಿ ದುಡಿದಂತೆ. ನಾಲ್ಕು ಕೋರ್‌ಗಳ ಪ್ರೊಸೆಸರಿಗೆ ನಾನ್ನೂರೇ ಗರಿಷ್ಠ.

ಪರದೆಯ ನೆತ್ತಿಯಲ್ಲಿ ಲೋಡ್ ಆವರೇಜ್ ಎಂದು ಮೂರು ಸಂಖ್ಯೆಗಳಿರುತ್ತವೆ. ಕೊನೆಯ ಒಂದು, ಐದು ಮತ್ತು ಹದಿನೈದು ನಿಮಿಷಗಳ ಲೆಕ್ಕ ಅದು. ಮದುವೆ ಊಟದ ಹಾಲ್ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಎಲೆ ಮುಂದೆ ಕೂತವರು ನಾಲ್ಕು ಜನ. ಅವರ ಕುರ್ಚಿ ಹಿಡಿದು, ಪಾಯಸ ಮುಗಿಯಿತೇ ಮಜ್ಜಿಗೆ ಬಂತೇ ಎಂದು ಬೆನ್ನ ಹಿಂದೆ ನಿಂತವರು ಎಷ್ಟು ಜನ? ಕೂತವರು, ನಿಂತವರು ಎರಡೂ ಸೇರಿದರೆ ಲೋಡ್. ನಾಲ್ಕು ಕೋರ್‌ಗಳ ಯಂತ್ರದಲ್ಲಿ ಅದು ನಾಲ್ಕಿದ್ದರೆ ಪಂಕ್ತಿ ತುಂಬಿದೆ, ಕಾಯುವವರಿಲ್ಲ. ನಲವತ್ತಾದರೆ ಮೂವತ್ತಾರು ಜನ ಕುರ್ಚಿ ಹಿಡಿದು ನಿಂತಿದ್ದಾರೆ. ಲಿನಕ್ಸ್‌ನ ಲೆಕ್ಕದಲ್ಲಿ ಇನ್ನೊಂದು ಕೊಸರಿದೆ. ಕೈ ತೊಳೆಯಲು ನಲ್ಲಿಯ ಮುಂದೆ ನಿಂತವರನ್ನೂ, ಅಂದರೆ ಡಿಸ್ಕಿನ ಉತ್ತರಕ್ಕಾಗಿ ಕಾದಿರುವವರನ್ನೂ ಅದು 1993ರಿಂದ ಈ ಲೆಕ್ಕಕ್ಕೆ ಸೇರಿಸುತ್ತಿದೆ. ಹಾಗಾಗಿ ಲೋಡ್ ಏರಿದ ಮಾತ್ರಕ್ಕೆ ತಪ್ಪು ಪ್ರೊಸೆಸರಿನದೇ ಎನ್ನುವಂತಿಲ್ಲ.

ಅದರ ಕೆಳಗಿನ ಇನ್ನೊಂದು ಸಾಲು ಹಳೆಯ ಬೆಂಗಳೂರಿನ ವಠಾರವಿದ್ದಂತೆ. ಸಮಯವನ್ನು ಯಾರು ಯಾರು ಬಳಸಿದರು ಎಂಬುದರ ಪಾಲುಪಟ್ಟಿ. ಪ್ರೋಗ್ರಾಮು ತನ್ನ ಸ್ವಂತ ಕೆಲಸಕ್ಕೆ ಬಳಸಿದ್ದೆಷ್ಟು, ಲಿನಕ್ಸ್‌ನಿಂದ ಚಾಕರಿ ಮಾಡಿಸಿಕೊಂಡದ್ದೆಷ್ಟು, ಡಿಸ್ಕಿಗೆ ಕಾಯುತ್ತ ಸುಮ್ಮನೆ ಕೂತದ್ದೆಷ್ಟು ಎಂದು ಬೇರೆ ಬೇರೆ ಬರೆದಿರುತ್ತದೆ. ಸಾಲಿನ ಕೊನೆಗೆ ‘ಕದ್ದದ್ದು’ ಎಂಬ ಅರ್ಥದ ಒಂದು ಅಂಕಿಯೂ ಇದೆ. ಕ್ಲೌಡ್‌ನಲ್ಲಿ ಬಾಡಿಗೆಗಿರುವ ಯಂತ್ರಗಳು ಒಂದೇ ಕಟ್ಟಡದ ಹಲವು ಮನೆಗಳು. ತೊಟ್ಟಿಯೊಂದೇ. ಪಕ್ಕದ ಮನೆಯವರು ಬಟ್ಟೆ ಒಗೆಯಲು ಕೂತರೆ ಇತ್ತ ನಲ್ಲಿಯಲ್ಲಿ ನೀರು ಸಣ್ಣಗಾಗುತ್ತದೆ. ಆ ಅಂಕಿ ದೊಡ್ಡದಿದ್ದರೆ ತನ್ನ ಕೋಡ್ ಹುಡುಕುವ ಮುನ್ನ ನೆರೆಮನೆಯ ಕಡೆ ಕಣ್ಣು ಹಾಯಿಸಬೇಕು. ನಮ್ಮ ಎಂಜಿನಿಯರಿನ ಯಂತ್ರದಲ್ಲಿ ಅದು ಸೊನ್ನೆ. ಡಿಸ್ಕಿಗೆ ಕಾದದ್ದೂ ಇಲ್ಲವೆನ್ನುವಷ್ಟು. ಶೇ 96 ಸ್ವಂತ ಕೆಲಸ. ಅಂದರೆ ಪುಸ್ತಕದಂಗಡಿಯ ಪ್ರೋಗ್ರಾಮೇ ಯಾರ ಹಂಗೂ ಇಲ್ಲದೆ ಏನನ್ನೋ ಶ್ರದ್ಧೆಯಿಂದ ಮಾಡುತ್ತಿದೆ.

ಏನನ್ನು?

ಟಾಪ್ ಇದನ್ನು ಹೇಳದು. ಥರ್ಮಾಮೀಟರು 103 ಎನ್ನುತ್ತದೆ. ಮಲೇರಿಯವೋ ಟೈಫಾಯ್ಡೋ ಎಂಬುದು ಅದಕ್ಕೆ ತಿಳಿಯದು. ಇಲ್ಲಿಂದ ಮುಂದೆ ಓಡುವ ಮನುಷ್ಯನನ್ನು ತಡೆದು ಕೇಳಲೇಬೇಕು.

ಕೇಳುವ ಉಪಾಯ ತೀರ ಸರಳ. ಪ್ರೋಗ್ರಾಮನ್ನು ಹಠಾತ್ತನೆ ನಿಲ್ಲಿಸಿ, ಆ ಕ್ಷಣದಲ್ಲಿ ಅದು ಯಾವ ಸಾಲಿನಲ್ಲಿತ್ತು, ಅಲ್ಲಿಗೆ ಅದನ್ನು ಕಳಿಸಿದವರು ಯಾರು, ಅವರನ್ನು ಕಳಿಸಿದವರು ಯಾರು ಎಂಬ ವಂಶಾವಳಿಯನ್ನು ಬರೆದುಕೊಳ್ಳುವುದು. ಬಿಡುವುದು. ಮತ್ತೆ ನಿಲ್ಲಿಸುವುದು. ಹತ್ತು ಸಲ ಕೇಳಿದಾಗ ಒಂಬತ್ತು ಸಲ ಒಂದೇ ಉತ್ತರ ಬಂದರೆ, ಸಮಯವೆಲ್ಲ ಹೋಗುತ್ತಿರುವುದು ಅಲ್ಲಿಗೇ. ಲಿನಕ್ಸ್‌ನ ಪರ್ಫ್ ಎಂಬ ಉಪಕರಣ ಇದನ್ನು ಸೆಕೆಂಡಿಗೆ ನೂರರ ಆಸುಪಾಸಿನಲ್ಲಿ ಮಾಡಬಲ್ಲದು. ಆದರೆ ಅನುಭವಸ್ಥರು ನೂರು ಎಂದು ಬರೆಯುವುದಿಲ್ಲ, 99 ಎಂದು ಬರೆಯುತ್ತಾರೆ. ಕಾರಣ ಸರ್ಕಾರಿ ಕಚೇರಿ ಕಂಡವರಿಗೆ ಗೊತ್ತು. ತಪಾಸಣೆಯ ಸಾಹೇಬರು ಪ್ರತಿದಿನ ಸರಿಯಾಗಿ ಹತ್ತಕ್ಕೇ ಬರುತ್ತಾರೆಂದರೆ ಹತ್ತಕ್ಕೆ ಎಲ್ಲರೂ ಕುರ್ಚಿಯಲ್ಲೇ ಸಿಗುತ್ತಾರೆ. ಯಂತ್ರದೊಳಗೂ ಸೆಕೆಂಡಿಗೆ ನೂರು ಬಾರಿ ತಾಳ ಹಾಕಿ ನಡೆಯುವ ಕೆಲಸಗಳಿರಬಹುದು. ಅದೇ ತಾಳಕ್ಕೆ ಹೋಗಿ ನೋಡಿದರೆ ಕಾಣುವುದೂ ಒಂದೇ ನೋಟ. 99 ಎಂದರೆ ತುಸು ತಾಳ ತಪ್ಪಿಸಿ ಬರುವ ಸಾಹೇಬರು.

ಹೀಗೆ ಕೇಳುತ್ತ ಹೋದರೆ ಉತ್ತರಗಳ ಬೆಟ್ಟ ಬೀಳುತ್ತದೆ. 2011ರಲ್ಲಿ ಬ್ರೆಂಡನ್ ಗ್ರೆಗ್ ಎಂಬ ತಜ್ಞ ಜಾಯೆಂಟ್ ಎಂಬ ಕ್ಲೌಡ್ ಸಂಸ್ಥೆಯಲ್ಲಿದ್ದಾಗ ಮೈಎಸ್‌ಕ್ಯೂಎಲ್ ಡೇಟಾಬೇಸ್ ಒಂದರ ಇಂಥದೇ ಜ್ವರವನ್ನು ಪರೀಕ್ಷಿಸುತ್ತಿದ್ದರು. ಯಂತ್ರ ಕೊಟ್ಟ ಉತ್ತರ ಐದು ಲಕ್ಷ ಸಾಲು ದಾಟಿತ್ತು. ಅದನ್ನು ಓದುವ ಬದಲು ಅವರು ಚಿತ್ರ ಬರೆಯುವ ದಾರಿ ಹಿಡಿದರು. ಒಂದೇ ಬಗೆಯ ಉತ್ತರಗಳನ್ನೆಲ್ಲ ಒಟ್ಟುಗೂಡಿಸಿ, ಹೆಚ್ಚು ಸಲ ಬಂದದ್ದಕ್ಕೆ ಅಗಲದ ಪಟ್ಟಿ, ಕಡಿಮೆ ಬಂದದ್ದಕ್ಕೆ ಸಣ್ಣ ಪಟ್ಟಿ; ಕಳಿಸಿದವನ ಹೆಗಲ ಮೇಲೆ ಹೋದವನು. ಬಣ್ಣ ಕೆಂಪು, ಕಿತ್ತಳೆ, ಹಳದಿ. ನೋಡಲು ಒಲೆಯ ಉರಿಯಂತಿದ್ದ ಆ ಚಿತ್ರಕ್ಕೆ ಫ್ಲೇಮ್ ಗ್ರಾಫ್ ಎಂಬ ಹೆಸರು ನಿಂತಿತು. ಮೊದಲ ಸಲ ನೋಡುವವರು ಕಡುಗೆಂಪು ಎಲ್ಲಿದೆ ಎಂದು ಹುಡುಕಿ ಮೋಸಹೋಗುತ್ತಾರೆ. ಅದರಲ್ಲಿ ಬಣ್ಣಕ್ಕೆ ಅರ್ಥವಿಲ್ಲ, ಎಡದಿಂದ ಬಲಕ್ಕೆ ಕಾಲವೂ ಹರಿಯುವುದಿಲ್ಲ. ನೋಡಬೇಕಾದದ್ದು ಅಗಲವನ್ನಷ್ಟೆ.

ನೆಟ್‌ಫ್ಲಿಕ್ಸ್‌ನವರು ತಮ್ಮ ಜಾಲತಾಣವನ್ನು ನೋಡ್ ಜೆಎಸ್ ಎಂಬ ತಂತ್ರಾಂಶಕ್ಕೆ ಬದಲಿಸಿದ ಹೊಸತರಲ್ಲಿ ಈ ಉರಿಚಿತ್ರವೇ ಅವರ ಕೈಹಿಡಿಯಿತು. 2014ರಲ್ಲಿ ಅವರು ಬರೆದುಕೊಂಡ ಪ್ರಕರಣ ಇದು. ಅಲ್ಲಿನ ಸರ್ವರ್ ಒಂದು ವಿನಂತಿಗೆ ಉತ್ತರಿಸಲು ತೆಗೆದುಕೊಳ್ಳುತ್ತಿದ್ದ ಸಮಯ ಗಂಟೆಗೆ 10 ಮಿಲಿಸೆಕೆಂಡಿನಂತೆ ಬೆಳೆಯುತ್ತಿತ್ತು. ಜೊತೆಗೆ ಪ್ರೊಸೆಸರ್ ಬಳಕೆಯೂ. 60 ಮಿಲಿಸೆಕೆಂಡು ಮುಟ್ಟಿದಾಗ ರೀಸ್ಟಾರ್ಟ್ ಮಾಡುವುದು, ಮತ್ತೆ ಒಂದರಿಂದ ಶುರು. ಉರಿಚಿತ್ರದಲ್ಲಿ ಅಗಲವಾಗಿ ಕಂಡದ್ದು ದಾರಿ ಹುಡುಕುವ ಕೆಲಸ. ಬಂದ ವಿನಂತಿಯನ್ನು ಯಾರಿಗೆ ಒಪ್ಪಿಸಬೇಕು ಎಂಬ ಪಟ್ಟಿಯನ್ನು ಸರ್ವರ್ ಪ್ರತಿ ಸಲವೂ ಮೇಲಿನಿಂದ ಓದಿಕೊಂಡು ಬರುತ್ತಿತ್ತು. ಆ ಪಟ್ಟಿಯನ್ನು ಆಗಾಗ ಹೊಸದು ಮಾಡುವ ಅವರದೇ ಕೋಡ್, ಹಳೆಯದನ್ನು ಪೂರ್ತಿ ಅಳಿಸದೆ ಒಂದೇ ಹೆಸರನ್ನು ಗಂಟೆಗೆ ಹತ್ತು ಸಲ ಮತ್ತೆ ಮತ್ತೆ ಸೇರಿಸುತ್ತಿತ್ತು. ಆ ಹೆಸರು ಒಂದೊಂದನ್ನು ದಾಟಲು ಸುಮಾರು ಒಂದು ಮಿಲಿಸೆಕೆಂಡು. ಗಂಟೆಗೆ ಹತ್ತು ಹೆಸರು, ಗಂಟೆಗೆ ಹತ್ತು ಮಿಲಿಸೆಕೆಂಡು: ಲೆಕ್ಕ ತಾಳೆಯಾಯಿತು.

ರಾತ್ರಿ ಎರಡೂಕಾಲು. ಪುಸ್ತಕದಂಗಡಿಯ ಪ್ರೋಗ್ರಾಮು ಜಾವಾದ್ದು; ನಮ್ಮ ಎಂಜಿನಿಯರ್ ಅದರ ಥ್ರೆಡ್‌ಗಳನ್ನು, ಅಂದರೆ ಅದರೊಳಗೆ ಒಟ್ಟೊಟ್ಟಿಗೆ ಸಾಗುವ ಕೆಲಸದ ಎಳೆಗಳನ್ನು, ಒಂದೊಂದಾಗಿ ಮಾತಾಡಿಸುತ್ತಿದ್ದಾನೆ. ಇಲ್ಲೊಂದು ಸಣ್ಣ ಕಾಟವಿದೆ. ಅತಿಹೆಚ್ಚು ದುಡಿಯುತ್ತಿರುವ ಥ್ರೆಡ್‌ನ ಸಂಖ್ಯೆ 7421 ಎಂದು ಟಾಪ್ ಹೇಳುತ್ತದೆ. ಹಳೆಯ ಜಾವಾದ ವರದಿಯಲ್ಲಿ ಅದೇ ಥ್ರೆಡ್ಡು ಹದಿನಾರರ ಎಣಿಕೆಯಲ್ಲಿ 1ಸಿಎಫ್‌ಡಿ ಎಂಬ ಮಾರುವೇಷದಲ್ಲಿರುತ್ತದೆ. ಊರಿನಲ್ಲಿ ಮನುಷ್ಯನಿಗೊಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಸರಿರಾತ್ರಿಯಲ್ಲಿ ಹದಿನಾರರಿಂದ ಭಾಗಿಸುತ್ತ ಕೂತವನಿಗೆ ಏಳನೇ ತರಗತಿಯ ಲೆಕ್ಕದ ಮೇಷ್ಟರು ನೆನಪಾಗುವುದು ಸಹಜ.

ಅವನಿಗೆ ಎರಡು ಗುಮಾನಿಗಳಿದ್ದವು. ಮೊದಲನೆಯದು, ನೆನಪಿನ ಜಾಗ ಕಸದಿಂದ ತುಂಬಿ, ಕಸ ಗುಡಿಸುವ ಥ್ರೆಡ್‌ಗಳೇ ಪ್ರೊಸೆಸರ್ ತಿನ್ನುತ್ತಿರಬಹುದು. ಮನೆ ತುಂಬ ಸಾಮಾನು ತುಂಬಿಕೊಂಡವರ ದಿನವೆಲ್ಲ ಗುಡಿಸುವುದರಲ್ಲೇ ಕಳೆಯುವ ಹಾಗೆ. ಜ್ವರ ಪ್ರೊಸೆಸರಿಗೆ ಬಂದಿದ್ದರೂ ರೋಗವಿರುವುದು ಮೆಮೊರಿಯಲ್ಲಿ. ನೋಡಿದ. ಗುಡಿಸುವವರು ಆರಾಮವಾಗಿದ್ದರು. ಎರಡನೆಯ ಗುಮಾನಿ ರೆಜೆಕ್ಸ್ ಮೇಲೆ. ಅದಕ್ಕೆ ಕಾರಣ, ಈ ಕಸುಬಿನವರೆಲ್ಲ ಪುರಾಣದಂತೆ ಹೇಳಿಕೊಳ್ಳುವ ಎರಡು ಕತೆಗಳು.

ರೆಜೆಕ್ಸ್ ಎಂದರೆ ಅಕ್ಷರಗಳ ರಾಶಿಯಲ್ಲಿ ಒಂದು ಮಾದರಿಯನ್ನು ಹುಡುಕುವ ಸಂಕೇತಸೂತ್ರ. ಪ್ರೋಗ್ರಾಮು ಬರೆಯುವವರು ಪ್ರಶ್ನೋತ್ತರಕ್ಕೆಂದು ಹೋಗುವ ಸ್ಟ್ಯಾಕ್ ಓವರ್‌ಫ್ಲೋ ತಾಣದಲ್ಲಿ, ಸಾಲಿನ ಹಿಂದುಮುಂದಿನ ಖಾಲಿ ಜಾಗವನ್ನು ಕತ್ತರಿಸಿ ಹಾಕಲು ಇಂಥದೊಂದು ಸೂತ್ರವಿತ್ತು. ಏನೂ ಅರಿಯದ ಕೂಸು. 2016ರ ಜುಲೈ 20ರಂದು ಯಾರೋ ಹಾಕಿದ ಬರಹವೊಂದರ ಸಾಲಿನ ನಡುವೆ ಸುಮಾರು 20,000 ಖಾಲಿ ಜಾಗಗಳಿದ್ದವು. ಸೂತ್ರ ಮೊದಲ ಜಾಗದಿಂದ ಹೊರಟು ಇಪ್ಪತ್ತು ಸಾವಿರವನ್ನೂ ದಾಟಿ, ಸಾಲು ಅಲ್ಲಿಗೆ ಮುಗಿಯಲಿಲ್ಲವೆಂದು ತಿಳಿದು ಹಿಂದಿರುಗಿತು. ಆಮೇಲೆ ಎರಡನೆಯ ಜಾಗದಿಂದ ಹೊರಟು 19,999 ದಾಟಿತು. ಆಮೇಲೆ ಮೂರನೆಯದರಿಂದ. ಒಟ್ಟು ಹೆಜ್ಜೆ ಸುಮಾರು 20 ಕೋಟಿ. ಆ ಬರಹ ಮುಖಪುಟದ ಪಟ್ಟಿಯಲ್ಲಿದ್ದುದರಿಂದ ಮುಖಪುಟ ತೆರೆದವರೆಲ್ಲರ ಸಲುವಾಗಿಯೂ ಈ ಪಾದಯಾತ್ರೆ ನಡೆಯಿತು. ಸರ್ವರ್‌ಗಳು ಬದುಕಿವೆಯೇ ಎಂದು ನೋಡುವ ಯಂತ್ರವೂ ಮುಖಪುಟವನ್ನೇ ತೆರೆದು ನೋಡುತ್ತಿತ್ತು. ಉತ್ತರ ಬರದಾಗ ಒಂದೊಂದನ್ನೇ ಸತ್ತಿದೆಯೆಂದು ಸಾಲಿನಿಂದ ತೆಗೆದುಹಾಕಿತು. ತಾಣ 34 ನಿಮಿಷ ಮಲಗಿತು. ಅದರಲ್ಲಿ ಕಾರಣ ಹಿಡಿಯಲು 10 ನಿಮಿಷ, ತಿದ್ದುಪಡಿ ಬರೆಯಲು 14, ಎಲ್ಲ ಕಡೆ ಹಾಕಲು 10.

ಆ ಸೂತ್ರದಲ್ಲಿ ಕನ್ನಡಿಗರಿಗೆ ಪರಿಚಯದ ಒಬ್ಬ ಅತಿಥಿಯಿದ್ದ. ಖಾಲಿ ಜಾಗದ ಜೊತೆಗೆ ಅದು ಇನ್ನೊಂದು ಕಣ್ಣಿಗೆ ಕಾಣದ ಅಕ್ಷರವನ್ನೂ ಗುಡಿಸುತ್ತಿತ್ತು. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಕು’ ಹೋಗಿ ‘ಜ’ಕಾರದ ಕಾಲಡಿ ಒತ್ತಕ್ಷರವಾಗಿ ಕೂರದಂತೆ ನಡುವೆ ನಿಂತು ತಡೆಯುವ, ಅಗಲವೇ ಇಲ್ಲದ ಆ ಅಕ್ಷರವನ್ನು. ಕನ್ನಡ ಕೀಲಿಮಣೆಯಲ್ಲಿ ಬರೆಯುವವರು ದಿನಕ್ಕೆ ಹತ್ತಾರು ಸಲ ಅದನ್ನು ಒತ್ತುತ್ತಾರೆ. ಅಂದಿನ ಅನಾಹುತ ಅದರದ್ದಲ್ಲ. ಆದರೂ ಕಣ್ಣಿಗೆ ಕಾಣದ್ದನ್ನು ಗುಡಿಸಹೋದ ಪೊರಕೆಯೇ ಮನೆಯನ್ನು ಮಲಗಿಸಿತು.

ಎರಡನೆಯ ಕತೆ ದೊಡ್ಡದು. 2019ರ ಜುಲೈ 2, ಭಾರತದಲ್ಲಿ ಸಂಜೆ 7 ಗಂಟೆ 12 ನಿಮಿಷ. ಲಕ್ಷಾಂತರ ಜಾಲತಾಣಗಳಿಗೆ ಕಾವಲು ನಿಂತಿರುವ ಕ್ಲೌಡ್‌ಫ್ಲೇರ್ ಸಂಸ್ಥೆಯ ಎಂಜಿನಿಯರೊಬ್ಬರು ದುಷ್ಟ ವಿನಂತಿಗಳನ್ನು ಗುರುತಿಸುವ ನಿಯಮವೊಂದಕ್ಕೆ ಸಣ್ಣ ತಿದ್ದುಪಡಿ ಹಾಕಿದರು. ಆ ನಿಯಮದ ರೆಜೆಕ್ಸ್‌ನಲ್ಲಿ ‘ಏನು ಬೇಕಾದರೂ, ಎಷ್ಟು ಬೇಕಾದರೂ’ ಎಂಬರ್ಥದ ಚಿಹ್ನೆ ಬೆನ್ನುಬೆನ್ನಿಗೆ ಬಂದಿತ್ತು. ಇಬ್ಬರು ಅಣ್ಣತಮ್ಮಂದಿರಿಗೆ ಒಂದು ಹೊಲವನ್ನು ಹಂಚಿ, ಗೆರೆ ಎಲ್ಲಿ ಎಂದು ಹೇಳದೆ ಬಿಟ್ಟಂತೆ. ಇಲ್ಲಿ ಎಳೆದು ನೋಡು, ಒಂದು ಹೆಜ್ಜೆ ಅತ್ತ, ಎರಡು ಹೆಜ್ಜೆ ಇತ್ತ. ಸೂತ್ರದ ಆ ತುಣುಕು ಮೂರು ಅಕ್ಷರದ ಒಂದು ಪದವನ್ನು ಪರೀಕ್ಷಿಸಲು 23 ಹೆಜ್ಜೆ ಇಟ್ಟರೆ, ಇಪ್ಪತ್ತೆರಡು ಅಕ್ಷರಕ್ಕೆ 555 ಹೆಜ್ಜೆ ಇಡುತ್ತಿತ್ತು. ತಿದ್ದುಪಡಿ ಒಂದೇ ಸಲಕ್ಕೆ ಜಗತ್ತಿನ ಎಲ್ಲ ಕೇಂದ್ರಗಳಿಗೂ ಹೋದದ್ದರಿಂದ ಎಲ್ಲ ಕಡೆ ಪ್ರೊಸೆಸರ್ ಒಟ್ಟಿಗೇ ನೂರು ಮುಟ್ಟಿತು. 27 ನಿಮಿಷ ಆ ಕಾವಲುಗಾರನ ಹಿಂದಿದ್ದ ತಾಣಗಳು ಬಾಗಿಲು ತೆರೆಯಲಿಲ್ಲ. ಸರಿಪಡಿಸಲು ಹೊರಟ ಸಿಬ್ಬಂದಿಗೂ ಒಳಗೆ ಹೋಗಲಾಗಲಿಲ್ಲ. ಅವರ ಒಳಬಾಗಿಲಿಗೂ ಅದೇ ಕಾವಲು.

ಇಂಥ ಸೂತ್ರ ಪ್ರೊಸೆಸರನ್ನು ಪೂರ್ತಿ ನುಂಗದಂತೆ ತಡೆಯುವ ಒಂದು ಕಟ್ಟೆ ಅಲ್ಲಿ ಮೊದಲು ಇತ್ತು. ಕೆಲವು ವಾರಗಳ ಹಿಂದೆ ಕೋಡ್ ಅಚ್ಚುಕಟ್ಟು ಮಾಡುವಾಗ ಕೈತಪ್ಪಿ ಅದನ್ನು ತೆಗೆದಿದ್ದರು. ಅಚ್ಚುಕಟ್ಟು ಮಾಡಲು ಹೊರಟಿದ್ದು ಯಾಕೆಂದರೆ, ಪ್ರೊಸೆಸರ್ ಬಳಕೆ ಕಡಿಮೆ ಮಾಡಲಿಕ್ಕೆ. ಈ ಹಿಂದುಮುಂದಿನ ಓಡಾಟವೇ ಇಲ್ಲದೆ ಮಾದರಿ ಹುಡುಕುವ ದಾರಿಯನ್ನು ಕೆನ್ ಥಾಂಪ್ಸನ್ 1968ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದರು. ಅನಾಹುತದ ನಂತರ ಕ್ಲೌಡ್‌ಫ್ಲೇರ್ ಆ ಬಗೆಯ ಎಂಜಿನ್ನಿಗೆ ಬದಲಾಗುವುದಾಗಿ ಹೇಳಿತು.

ನಮ್ಮ ಪುಸ್ತಕದಂಗಡಿಯ ಥ್ರೆಡ್‌ಗಳಲ್ಲಿ ರೆಜೆಕ್ಸ್ ಸಿಗಲಿಲ್ಲ. ಎಂಜಿನಿಯರ್ ಹತ್ತು ಹತ್ತು ಸೆಕೆಂಡು ಬಿಟ್ಟು ಐದು ಸಲ ಕೇಳಿದ. ಐದು ಸಲವೂ ನಾಲ್ಕು ಕೋರ್‌ಗಳೂ ಒಂದೇ ಉತ್ತರ ಕೊಟ್ಟವು: ಪಿನ್‌ಕೋಡ್ ಓದುತ್ತಿದ್ದೇವೆ.

ಅವನಿಗೆ ನಗು ಬಂತು. ಕೊರಿಯರ್ ಯಾವ ಊರಿಗೆ ಹೋಗುತ್ತದೆ, ಎಷ್ಟು ದಿನ ಬೇಕು ಎಂದು ಪುಸ್ತಕದ ಪುಟದ ಕೆಳಗೆ ತೋರಿಸಲು ಒಂದು ಫೈಲಿತ್ತು. ದೇಶದ ಸುಮಾರು 19 ಸಾವಿರ ಪಿನ್‌ಕೋಡ್‌ಗಳೆಲ್ಲ ಅದರಲ್ಲಿ. ಒಂದು ಪುಟ ತೆರೆದರೆ ಪ್ರೋಗ್ರಾಮು ಆ ಫೈಲನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬಿಡಿಸಿ ಓದುತ್ತಿತ್ತು, ಬೇಕಾದ ಒಂದು ಸಾಲನ್ನು ತೆಗೆದುಕೊಂಡು ಉಳಿದದ್ದನ್ನು ಮರೆಯುತ್ತಿತ್ತು. ಮುಂದಿನ ಪುಟಕ್ಕೆ ಮತ್ತೆ ಮೊದಲಿನಿಂದ. ದೆಹಲಿಯ 110001ರಿಂದ ಹೊರಟು, 560004ರ ಬಸವನಗುಡಿಯನ್ನು ಕಂಡು, ಅಲ್ಲಿಗೆ ನಿಲ್ಲದೆ ಕೊನೆಯವರೆಗೂ ಹೋಗಿಬರುವುದು. ಬರೆದವರು ಯಾರೆಂದು ನೋಡಿದ. ಎರಡು ವರ್ಷದ ಹಿಂದೆ, ತಾನೇ.

ಸಮಾಧಾನಕ್ಕೆ ಒಂದು ಕತೆ ಇದೆ. ‘ಗ್ರ್ಯಾಂಡ್ ಥೆಫ್ಟ್ ಆಟೋ ಆನ್‌ಲೈನ್’ ಎಂಬ ಜಗತ್ಪ್ರಸಿದ್ಧ ಆಟ ತೆರೆದುಕೊಳ್ಳಲು ಕೆಲವು ಕಂಪ್ಯೂಟರುಗಳಲ್ಲಿ ಆರು ನಿಮಿಷ ಹಿಡಿಯುತ್ತಿತ್ತು. ಆಡುವವರು ವರ್ಷಗಟ್ಟಲೆ ಕಾದರು. 2021ರಲ್ಲಿ ಹೊರಗಿನ ಆಟಗಾರನೊಬ್ಬ ಬೇಸತ್ತು, ಒಂದು ಕೋರ್ ಮಾತ್ರ ಪೂರ್ತಿ ದುಡಿಯುತ್ತಿರುವುದನ್ನು ಗಮನಿಸಿ, ನಿಲ್ಲಿಸಿ ಕೇಳಿದ. ಆಟದೊಳಗೆ ಕೊಳ್ಳಬಹುದಾದ ಸುಮಾರು 63,000 ಸಾಮಾನುಗಳ ಪಟ್ಟಿ, 10 ಎಂಬಿ ಫೈಲು. ಅದರಿಂದ ಒಂದೊಂದು ತುಣುಕು ಓದುವಾಗಲೂ ಪ್ರೋಗ್ರಾಮು ಉಳಿದ ಫೈಲಿನ ಉದ್ದವನ್ನು ಪೂರ್ತಿ ಅಳೆಯುತ್ತಿತ್ತು. ಓದಿದ ಪ್ರತಿ ಸಾಮಾನೂ ಮೊದಲೇ ಬಂದಿದೆಯೇ ಎಂದು ಹಿಂದಿನ ಎಲ್ಲದರ ಜೊತೆ ಹೋಲಿಸುತ್ತಿತ್ತು. ಅದೇ ಸುಮಾರು 198 ಕೋಟಿ ಹೋಲಿಕೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವವನು ಪ್ರತಿ ಮೆಟ್ಟಿಲಿಗೂ ಬುಡಕ್ಕಿಳಿದು ಒಂದು, ಎರಡು ಎಂದು ಎಣಿಸುತ್ತ ಬಂದರೆ ಸಾವಿರದ ಬದಲು ಐದು ಲಕ್ಷ ಮೆಟ್ಟಿಲು ಹತ್ತಿರುತ್ತಾನೆ. ಇದೂ ಹಾಗೆಯೇ. ಆತ ಎರಡನ್ನೂ ತಿದ್ದಿದಾಗ ಆರು ನಿಮಿಷ ಎರಡು ನಿಮಿಷದೊಳಕ್ಕೆ ಇಳಿಯಿತು. ಆಟದ ಕಂಪನಿ ತಿದ್ದುಪಡಿಯನ್ನು ಒಪ್ಪಿ ಅವನಿಗೆ 10,000 ಡಾಲರ್ ಬಹುಮಾನ ಕೊಟ್ಟಿತು.

ಒಂದು ಪ್ರಶ್ನೆ ಮಾತ್ರ ಉಳಿದಿತ್ತು. ಎರಡು ವರ್ಷ ಸುಮ್ಮನಿದ್ದ ಕೋಡ್ ಈ ರಾತ್ರಿಯೇ ಯಾಕೆ ಎದ್ದಿತು? ಪ್ರವೇಶದ ಲಾಗ್ ತೆರೆದಾಗ ಅದೂ ತಿಳಿಯಿತು. ಯಾವುದೋ ಒಂದು ಬಾಟ್, ಅಂದರೆ ತಾನಾಗಿ ತಾಣಗಳನ್ನು ಸುತ್ತುವ ಪ್ರೋಗ್ರಾಮು, ಅಂಗಡಿಯ ಪುಟಗಳನ್ನೆಲ್ಲ ಒಂದರ ಹಿಂದೊಂದು ತೆರೆಯುತ್ತಿತ್ತು. ಕಾದಂಬರಿ, ಬೆಲೆ ಕಡಿಮೆಯಿಂದ ಹೆಚ್ಚಿಗೆ; ಕಾದಂಬರಿ, ಹೆಚ್ಚಿನಿಂದ ಕಡಿಮೆಗೆ; ಪ್ರಕಾಶಕರ ಪ್ರಕಾರ; ವರ್ಷದ ಪ್ರಕಾರ. ಇದು ಈಗ ಎಲ್ಲರ ಮನೆಯ ಗೋಳು. ಕನ್ನಡವೂ ಸೇರಿದಂತೆ ಎಲ್ಲ ಭಾಷೆಗಳ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ 2025ರ ಏಪ್ರಿಲಿನಲ್ಲಿ ತನ್ನ ಲೆಕ್ಕ ಹೇಳಿಕೊಂಡಿತು: ಪುಟವೀಕ್ಷಣೆಯಲ್ಲಿ ಬಾಟ್‌ಗಳ ಪಾಲು ಶೇ 35ರಷ್ಟಿದ್ದರೆ, ಸರ್ವರ್‌ಗಳಿಗೆ ಅತಿ ದುಬಾರಿಯಾಗುವ ಸಂಚಾರದಲ್ಲಿ ಅವುಗಳ ಪಾಲು ಶೇ 65. ಮನುಷ್ಯರು ಹತ್ತು ಜನ ಒಂದೇ ಜನಪ್ರಿಯ ಪುಟ ನೋಡುತ್ತಾರೆ, ಅದು ಮೊದಲೇ ಬೇಯಿಸಿಟ್ಟ ಅನ್ನ. ಬಾಟ್ ಯಾರೂ ಕೇಳದ ಪುಟಗಳನ್ನೇ ಕೇಳುತ್ತದೆ. ಪ್ರತಿಯೊಂದಕ್ಕೂ ಹೊಸದಾಗಿ ಒಲೆ ಹಚ್ಚಬೇಕು.

ಮೂರು ಗಂಟೆ ಹತ್ತು ನಿಮಿಷಕ್ಕೆ ಅವನು ಎರಡು ಕೆಲಸ ಮಾಡಿದ. ಬಾಟ್‌ಗೆ ನಿಮಿಷಕ್ಕೆ ಇಷ್ಟೇ ಪುಟ ಎಂದು ಕಡಿವಾಣ ಹಾಕಿದ. ಪಿನ್‌ಕೋಡ್ ಫೈಲನ್ನು ಪ್ರೋಗ್ರಾಮು ಶುರುವಾಗುವಾಗ ಒಮ್ಮೆ ಮಾತ್ರ ಓದಿ, ಕೇಳಿದ ಸಂಖ್ಯೆಗೆ ನೇರವಾಗಿ ಕೈಹಾಕುವಂತೆ ನೆನಪಿನಲ್ಲಿ ಜೋಡಿಸಿಟ್ಟ. ಬರೆದದ್ದು ಏಳು ಸಾಲು, ಅಳಿಸಿದ್ದು ಹನ್ನೊಂದು. ಗ್ರಾಫ್ 98ರಿಂದ 6ಕ್ಕೆ ಇಳಿಯಿತು. ಅವನು ಕಡಿವಾಣವನ್ನು ಒಮ್ಮೆ ಸಡಿಲಿಸಿಯೂ ನೋಡಿದ. ಬಾಟ್ ಮತ್ತೆ ನುಗ್ಗಿತು, ಗ್ರಾಫ್ 14ರ ಹತ್ತಿರ ಹೋಗಿ ನಿಂತಿತು. ಕಡಿವಾಣ ಮತ್ತೆ ಬಿಗಿದು ಮಲಗಲು ಹೋದ.

ಬೆಳಿಗ್ಗೆ ಎಂಟಕ್ಕೆ ಅಮ್ಮ ಕಾಫಿ ಲೋಟ ಮುಂದಿಟ್ಟರು.

“ರಾತ್ರಿಯೆಲ್ಲ ಲೈಟ್ ಉರೀತಿತ್ತಲ್ಲೋ, ಏನಾಗಿತ್ತು?”

“ಸರ್ವರ್ ತುಂಬ ಬಿಜಿ ಆಗ್ಬಿಟ್ಟಿತ್ತಮ್ಮ.”

“ವ್ಯಾಪಾರ ಜೋರಾ?”

“ವ್ಯಾಪಾರ ಏನೂ ಇಲ್ಲ. ಯಾರು ಏನು ಕೇಳಿದ್ರೂ ಇಡೀ ದೇಶದ ಪಿನ್‌ಕೋಡ್ ಮೊದಲಿಂದ ಓದ್ಕೊಂಡು ಬರ್ತಿತ್ತು. ಒಂದನ್ನ ಹೇಳಿ ಎಲ್ಲಾ ಮರೀತಿತ್ತು. ಇನ್ನೊಬ್ಬರು ಕೇಳಿದ್ರೆ ಮತ್ತೆ ಮೊದಲಿಂದ.”

ಅಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ನಗಲು ಶುರುಮಾಡಿದರು.

“ಅಕ್ಕನ ಮದುವೇಲಿ ನಿಮ್ಮ ಚಿಕ್ಕಪ್ಪ ಮಾಡಿದ್ದೂ ಅದೇ ಕಣೋ. ಉಗ್ರಾಣದ ಬೀಗದ ಕೈ ಪಂಚೆ ಗಂಟಲ್ಲೇ ಇತ್ತು. ಭಟ್ಟರ ಹುಡುಗ ಬಂದು ತುಪ್ಪ ಅಂದ್ರೆ ಹೆಬ್ಬಾಗಿಲಿಂದ ಹಿಡಿದು ಛತ್ರದ ಒಂಬತ್ತು ರೂಮಲ್ಲೂ ‘ಬೀಗದ ಕೈ ನೋಡಿದ್ರಾ’ ಅಂತ ಕೇಳ್ಕೊಂಡು ಬರೋರು. ಕೊನೆಗೆ ಸೊಂಟ ಮುಟ್ಟಿ ನೋಡ್ಕೊಳ್ಳೋರು. ತುಪ್ಪ ಕೊಟ್ಟು, ಬೀಗ ಹಾಕಿ, ಮತ್ತೆ ಅಲ್ಲೇ ಸಿಕ್ಕಿಸ್ಕೊಳ್ಳೋರು. ಆ ಹುಡುಗ ಗೋಡಂಬಿ ಅಂತ ಬಂದ್ರೆ ಮತ್ತೆ ಹೆಬ್ಬಾಗಿಲಿಂದ ಶುರು.”

“ನಿಂಗೆ ಹೇಗೆ ಗೊತ್ತಾಯ್ತು? ಯಾರೂ ಹೇಳ್ಲೇ ಇಲ್ಲ!”

“ಒಂದೂವರೆ ಹೊತ್ತಿಗೆ ನಾನೇ ಅಡ್ಡ ನಿಂತು ಕೇಳ್ದೆ, ಎಲ್ಲಿಗೆ ಹೋಗ್ತಿದ್ದೀರ ಅಂತ. ಬೀಗದ ಕೈ ಈಸ್ಕೊಂಡು ಭಟ್ಟರ ಕೈಗೇ ಕೊಟ್ಟೆ. ಅದಕ್ಕೇ ಎರಡಕ್ಕಾದರೂ ಊಟ ಆಗಿದ್ದು.” ಲೋಟ ತೆಗೆದುಕೊಂಡು ಎದ್ದವರು ಬಾಗಿಲ ಬಳಿ ತಿರುಗಿ ನಿಂತರು. “ಚಿಕ್ಕಪ್ಪನಿಗೆ ಹೇಳ್ಬೇಡ. ಆವತ್ತು ತುಂಬ ದುಡಿದ್ರು ಪಾಪ.”